ಹತ್ತನೇ ತಾರೀಕಿನ ಸಂಸಾರ

ಕೆಲವರಿಗೆ ಕುಡಿತದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಉಳಿತಾಯ ಖಾತೆಯ ಬಡ್ಡಿಯ ಚಟ. ಕುಡುಕನ ಹೆಂಡತಿಯನ್ನು ಕಂಡರೆ ಊರೆಲ್ಲ ಅಯ್ಯೋ ಅನ್ನುತ್ತದೆ. ನನ್ನ ಹೆಂಡತಿ ಗಿರಿಜೆಗೆ ಆ ಭಾಗ್ಯವೂ ಇಲ್ಲ. "ನಿಮ್ಮ ಯಜಮಾನ್ರು ಭಾರಿ ಜೋಪಾನ ಕಣ್ರೀ" ಎಂದು ಅವಳೆದುರೇ ನನ್ನನ್ನು ಹೊಗಳುತ್ತಾರೆ.

ಬೀರೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಗುಮಾಸ್ತರೊಬ್ಬರು ನನಗೊಂದು ಗುಟ್ಟು ಹೇಳಿದ್ದರು. ಹತ್ತನೇ ತಾರೀಕಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೇ ಬ್ಯಾಂಕು ಬಡ್ಡಿ ಕೊಡುವುದು, ಹಾಗಾಗಿ ಹತ್ತರ ಮೇಲೆ ದುಡ್ಡು ಮುಟ್ಟಬಾರದು. ಅಂದಿನಿಂದ ನಮ್ಮ ಮನೆಯಲ್ಲಿ ಆಸೆಗಳೆಲ್ಲ ತಿಂಗಳ ಮೊದಲಲ್ಲೇ ಹುಟ್ಟಬೇಕಾಯಿತು. ಮಿಕ್ಸಿ ತಿಂಗಳ ನಡುವೆ ಕೆಟ್ಟಾಗ ಗಿರಿಜೆ ಒರಳಿನಲ್ಲಿ ರುಬ್ಬಿದಳು. ಅಜ್ಜಂಪುರದಲ್ಲಿ ಅವಳ ತಂಗಿಯ ಗೃಹಪ್ರವೇಶ ತಿಂಗಳ ಕೊನೆಗೆ ಬಂತು, ಹಳೇ ಸೀರೆಯುಟ್ಟೇ ಹೋಗಿಬಂದಳು. ಸಿಟ್ಟು ಬಂದದ್ದು ಮಾತ್ರ ನನಗೆ. ಪುರೋಹಿತರಿಗೆ ಹೇಳಿ ಮುಂದಿನ ತಿಂಗಳ ಮೊದಲ ವಾರಕ್ಕೆ ಇಟ್ಟುಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮೊನ್ನೆ ವಾಷಿಂಗ್ ಮೆಷಿನ್ ಕೈಕೊಟ್ಟಿತು, ಅದೂ ಹತ್ತು ಕಳೆದ ಮೇಲೆ. ತಿಂಗಳು ಮುಗಿಯುವವರೆಗೆ ಗಿರಿಜೆ ಕೈಯಲ್ಲೇ ಬಟ್ಟೆ ಒಗೆದಳು. ಸೋಪಿಗೆ ಬೆರಳ ಸಂದಿಗಳೆಲ್ಲ ಬಿರಿದವು. ಒಂದನೇ ತಾರೀಕು ಇಬ್ಬರೂ ಕಡೂರಿನ ಅಂಗಡಿಗೆ ಹೋದೆವು. ಡೆಬಿಟ್ ಕಾರ್ಡಿನಲ್ಲಿ ಕೊಟ್ಟರೆ ದುಡ್ಡು ತಡವಾಗಿ ಕಟ್ ಆಗುತ್ತದೆ, ಅಲ್ಲಿಯವರೆಗಿನ ಬಡ್ಡಿ ನಮ್ಮದೇ ಎಂದು ಯಾರೋ ಹೇಳಿದ್ದರಿಂದ ನಾನು ಭಾರಿ ಗೆಲುವಾಗಿದ್ದೆ. ಪಿನ್ ಒತ್ತಿದೆ. ಚೀಟಿ ಪೂರ್ತಿ ಹೊರಬರುವ ಮೊದಲೇ ಜೇಬಿನಲ್ಲಿ ಫೋನು ಟಣ್ ಅಂದಿತು. ಹಣ ಆಗಲೇ ಹೋಗಿತ್ತು.

ಗಿರಿಜೆಯನ್ನೂ ಕರೆದುಕೊಂಡು ಜಗಳ ಕಾಯಲೆಂದೇ ಅಲ್ಲೇ ಕಡೂರಿನ ಬ್ಯಾಂಕಿಗೆ ನುಗ್ಗಿದೆ. ಕೌಂಟರಿನಲ್ಲಿದ್ದಾಕೆ ತಾಳ್ಮೆಯಿಂದಲೇ, "ಸರ್, ದಿನದ ಕೊನೆಗೆ ಖಾತೇಲಿ ಎಷ್ಟು ಉಳಿದಿರುತ್ತೋ ಅಷ್ಟಕ್ಕೆ ಆವತ್ತಿನ ಬಡ್ಡಿ. ಕಾರ್ಡ್ ಹಾಕಿದ ದಿನದಿಂದ ಆ ದುಡ್ಡಿಗೆ ಬಡ್ಡಿ ಇಲ್ಲ. ಹತ್ತನೇ ತಾರೀಕಿನ ಲೆಕ್ಕ ಹೋಗಿ ಎಷ್ಟೋ ವರ್ಷ ಆಯ್ತಲ್ಲಾ!" ಎಂದಳು. ಮೆಷಿನ್ನನ್ನು ತಡವಾಗಿ ಕೊಂಡದ್ದರಿಂದ ನನಗೆ ಉಳಿದ ಬಡ್ಡಿಯನ್ನೂ ಲೆಕ್ಕ ಹಾಕಿ ತೋರಿಸಿದಳು. ಬೀರೂರಿಗೆ ವಾಪಸ್ ಹೋಗಲು ನನ್ನೊಬ್ಬನ ಬಸ್ ಚಾರ್ಜಿಗೆ ಸಾಕಾಗುತ್ತಿತ್ತು. ಗಿರಿಜೆಗೆ ಹೇಗೂ ಸರ್ಕಾರಿ ಬಸ್ಸು ಪುಕ್ಕಟೆ. ಪಕ್ಕದಲ್ಲಿ ಕುಳಿತು ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

ಬಸ್ಸಿನಲ್ಲಿ ನಾನೇ ದೊಡ್ಡ ಮನಸ್ಸು ಮಾಡಿ, "ಇನ್ಮೇಲೆ ಯಾವ ತಾರೀಕಾದ್ರೂ ಪರ್ವಾಗಿಲ್ಲ ಕಣೇ. ನಿಂಗೇನ್ ಬೇಕೋ ಕೇಳು" ಎಂದೆ.

ಅವಳು ಕಿಟಕಿಯಾಚೆ ನೋಡುತ್ತಲೇ, "ಏನೂ ಬ್ಯಾಡ ಕಣ್ರೀ. ಕೇಳೋದೇ ಮರ್ತೋಯ್ತು" ಎಂದಳು.

ಎದೆಗೆ ಚುಚ್ಚಿತು, ಸುಳ್ಳಲ್ಲ. ನಾಚಿಕೆಯೂ ಆಯಿತು. ಆದರೆ ಬಸ್ಸು ಬೀರೂರು ಮುಟ್ಟುವಷ್ಟರಲ್ಲಿ, ಹಾಗಾದರೆ ಇನ್ನು ಖಾತೆಯಿಂದ ದುಡ್ಡು ತೆಗೆಯುವ ಪ್ರಮೇಯವೇ ಇಲ್ಲವಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದೆ.