ಮಾವನ ಕಾಂಟೆಸ್ಸಾಗೆ ನಾನು ಮಾಡಿದ ಸುಧಾರಣೆ

ಮನುಷ್ಯನ ಕೈಯಿಂದ ತಯಾರಾದ ಯಾವ ಯಂತ್ರವೂ ಮನುಷ್ಯನ ತರ್ಕಕ್ಕೆ ನಿಲುಕದೆ ಇರಲಾರದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯವನ್ನು ಬೆಳಿಗ್ಗೆ ಸಮರ್ಥಿಸಿ, ಮಧ್ಯಾಹ್ನ ಖಂಡಿಸಿ, ಎರಡಕ್ಕೂ ಬಹುಮಾನ ಪಡೆದವನು ನಾನು. ಈಗ ಸಾಗರದಲ್ಲಿ ‘ಎಸೆಯಬೇಡಿ, ದುರಸ್ತಿ ಮಾಡಿ’ ಎಂಬ ಚಳವಳಿಯನ್ನು ನಡೆಸುತ್ತಿದ್ದೇನೆ. ಚಳವಳಿಯಲ್ಲಿ ಸದ್ಯಕ್ಕೆ ನಾನೊಬ್ಬನೇ ಇದ್ದೇನೆ. ಆದ್ದರಿಂದ ಒಳಜಗಳವಿಲ್ಲ!

ಹೀಗಿರುವಾಗ ಅತ್ತೆಯವರು ಒಂದು ಆಸೆಯನ್ನು ಹೇಳಿಕೊಂಡರು. ಕಾರ್ಗಲ್ಲಿನಲ್ಲಿ ನೌಕರಿಯಲ್ಲಿದ್ದ ಮಾವನವರು ಬಹಳ ಪ್ರೀತಿಯಿಂದ ಕೊಂಡಿದ್ದ ಹಳೆಯ ಕಾಂಟೆಸ್ಸಾ ಕಾರು, ಅವರು ತೀರಿಕೊಂಡ ಮೇಲೆ ನಮ್ಮ ಶೆಡ್ಡಿನಲ್ಲಿ ನಿಂತಿತ್ತು. ಉದ್ದ ಮೂತಿ, ಅಗಲ ಭುಜ, ಅಖಾಡಕ್ಕೆ ಇಳಿಯಲು ಸಿದ್ಧನಾದ ಪೈಲ್ವಾನನ ಠೀವಿ. ಆ ಕಾರಿನಲ್ಲಿ ಅತ್ತೆ ಯಾವತ್ತೂ ಹಿಂದಿನ ಸೀಟಿನಲ್ಲೇ ಕುಳಿತವರು. ಮುಂದಿನ ಸೀಟು ಮಾವನ ಸ್ನೇಹಿತರಿಗೆ ಮೀಸಲಾಗಿತ್ತು.

“ತಂಗಿ ಹೊಸ ಮನೆ ಒಕ್ಲು ಬಂತು ಅಳಿಯಂದ್ರೇ,” ಎಂದರು ಅತ್ತೆ. “ಒಂದ್ಸಲನಾದ್ರೂ ಮುಂದಿನ್ ಸೀಟಲ್ಲಿ ಕೂತ್ಕಂಡು ಅವಳ ಅಂಗ್ಳಕ್ಕೆ ಹೋಗಿ ಇಳೀಬೇಕು ಅಂತ ಆಸೆ. ಆಮೇಲೆ ಕಾರು ಏನಾದ್ರೂ ಆಗ್ಲಿ.”

ನಾನು ಆ ಕ್ಷಣವೇ ವಚನವಿತ್ತೆ. ಎಂಜಿನ್ನಿನ ದೊಡ್ಡ ಕೆಲಸವನ್ನು ಮೆಕ್ಯಾನಿಕ್ ಮುಗಿಸಿಕೊಟ್ಟ. ಉಳಿದದ್ದು ಕಾರ್ಬ್ಯುರೇಟರಿನ ಬ್ರಾಕೆಟ್ ಬಿಗಿಯುವುದು ಮತ್ತು ಪೆಟ್ರೋಲ್ ಪೈಪುಗಳನ್ನು ಜೋಡಿಸುವುದು. ಇಷ್ಟಕ್ಕೂ ಪರಾವಲಂಬನೆಯೇ? “ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ,” ಎಂದು ಅವನನ್ನು ಗೌರವಪೂರ್ವಕವಾಗಿ ಬೀಳ್ಕೊಟ್ಟೆ.

ಬ್ರಾಕೆಟ್ಟೆಂದರೆ ಆಕ್ಸಿಲರೇಟರಿನ ತಂತಿಯನ್ನು ಹಿಡಿದುಕೊಳ್ಳುವ ಒಂದು ಕಬ್ಬಿಣದ ಪಟ್ಟಿ. ಅದು ನಡುವಿನಲ್ಲಿ ಬಾಗಿತ್ತು. ಕಾಲದ ಹೊಡೆತಕ್ಕೆ ಬಾಗಿರಬೇಕೆಂದು ತೀರ್ಮಾನಿಸಿ ನಾನು ಸುತ್ತಿಗೆ ಕೈಗೆತ್ತಿಕೊಂಡೆ.

“ಅದು ಇರೋದೇ ಹಂಗೇನೋ ನೋಡ್ರಿ,” ಎಂದಳು ನನ್ನ ಪತ್ನಿ ಜಯಂತಿ.

“ಒಂದು ವಸ್ತು ಸೊಟ್ಟಗಿದೆ ಎಂಬ ಕಾರಣಕ್ಕೇ ಅದು ಸೊಟ್ಟಗೇ ಇರಬೇಕೆಂದು ವಾದಿಸುವುದು ಯಥಾಸ್ಥಿತಿವಾದ!”

“ನಾ ಹೇಳಿದ್ದು ಬ್ರಾಕೆಟ್ಟಿನ ವಿಷ್ಯ.”

“ಸಮಾಜಕ್ಕೂ ಬ್ರಾಕೆಟ್ಟಿಗೂ ತತ್ತ್ವ ಒಂದೇ,” ಎಂದು ಅದನ್ನು ಬಡಿದು ಬಡಿದು ನೆಟ್ಟಗೆ ಮಾಡಿದೆ. ಸುಧಾರಣೆಗೊಂಡ ಬ್ರಾಕೆಟ್ಟಿನ ತೂತು ಎಂಜಿನ್ನಿನ ತೂತಿಗೆ ಕೂಡಲಿಲ್ಲ. ಹೊಸ ತೂತು ಕೊರೆದೆ. ಈಗ ತಂತಿ ಸಾಲಲಿಲ್ಲ. ಎಳೆದು ಬಿಗಿದೆ. ಅದು ತಂಬೂರಿಯಂತೆ ಟಿಣ್ ಎಂದಿತು. ಶ್ರುತಿ ಚೆನ್ನಾಗಿತ್ತು.

ಮುಂದಿನದು ಪೈಪು. ಪಕ್ಕದ ಮನೆಯ ಹಾಲಪ್ಪಣ್ಣ ಬೇಲಿಯಾಚೆಯಿಂದಲೇ ಪರಿಹಾರ ಸೂಚಿಸಿದರು. “ದುಡ್ಡು ಕೊಟ್ಟು ಎಂತಕ್ಕೆ ತರ್ತೀರಿ ಮಾರಾಯ್ರೆ? ತ್ವಾಟಕ್ಕೆ ಔಷಧಿ ಹೊಡಿಯೋ ಪೈಪಿನ ತುಂಡು ನಮ್ಮನೇಲಿ ಬಿದ್ಕಂಡಿದೆ. ಮೈಲುತುತ್ತಕ್ಕೇ ಜಗ್ಗದ ಪೈಪು, ಪೆಟ್ರೋಲಿಗೆ ಜಗ್ತದಾ?”

“ಪೆಟ್ರೋಲಿಗೆ ಬೇರೆನೇ ಪೈಪ್ ಬರ್ತದೆ ಕಣ್ರೀ. ಅಂಗಡೀಲಿ ಕೇಳಿ,” ಎಂದಳು ಜಯಂತಿ.

ನಾನು ಮರುಬಳಕೆ, ಸ್ಥಳೀಯತೆ, ನೆರೆಹೊರೆಯ ಸಹಕಾರ ಎಂಬ ಮೂರು ಅಂಶಗಳನ್ನು ಸವಿಸ್ತಾರವಾಗಿ ಮಂಡಿಸಿದೆ. ಎರಡನೆಯ ಅಂಶದ ಹೊತ್ತಿಗೆ ಅವಳು ಅನ್ನದ ಗಂಜಿ ಬಸಿಯಲು ಒಳಗೆ ಹೋಗಿದ್ದಳು. ಎದುರಾಳಿಯ ನಿರ್ಗಮನವನ್ನು ವಿಜಯವೆಂದೇ ಪರಿಗಣಿಸಿದೆ.

ಪೈಪು ಜೋಡಿಸಿ ಕೀಲಿ ತಿರುಗಿಸಿದೆ. ಎಂಜಿನ್ ಕೆಮ್ಮಿತೇ ಹೊರತು ಮಾತನಾಡಲಿಲ್ಲ. ಬಹಳ ಹೊತ್ತಿನ ಸಂಶೋಧನೆಯ ನಂತರ ತಿಳಿದದ್ದಿಷ್ಟು: ಕಾರ್ಬ್ಯುರೇಟರಿಗೆ ಹೋಗಬೇಕಾದ ಪೈಪನ್ನೂ, ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳಬೇಕಾದ ಪೈಪನ್ನೂ ನಾನು ಅದಲುಬದಲು ಮಾಡಿದ್ದೆ. ಪೆಟ್ರೋಲು ಟ್ಯಾಂಕಿನಿಂದ ಹೊರಟು, ಕಾರ್ಬ್ಯುರೇಟರಿಗೆ ದೂರದಿಂದಲೇ ನಮಸ್ಕರಿಸಿ, ಟ್ಯಾಂಕಿಗೇ ವಾಪಸಾಗುತ್ತಿತ್ತು!

“ನಮ್ಮ ವಾಕಿಂಗ್ ಇದ್ದಂಗಾತು ಬಿಡಿ,” ಎಂದು ಹಾಲಪ್ಪಣ್ಣ ಸಮಾಧಾನ ಹೇಳಿದರು. “ಹೋಗಿದ್ದೂ ಹೌದು, ಬಂದಿದ್ದೂ ಹೌದು. ಪ್ರಯೋಜ್ನ ಎಂತದೂ ಇಲ್ಲ.”

ಪೈಪುಗಳನ್ನು ಸರಿಪಡಿಸಿ ಮತ್ತೆ ಕೀಲಿ ತಿರುಗಿಸಿದೆ. ಅಬ್ಬಾ! ಕಾರು ಶೆಡ್ಡಿನಲ್ಲಿ ನಿಂತಲ್ಲೇ ಹುಲಿಕಲ್ ಘಾಟಿ ಹತ್ತತೊಡಗಿತು. ಶೆಡ್ಡಿನ ತಗಡುಗಳೆಲ್ಲ ನಡುಗಿದವು. ಹಾಲಪ್ಪಣ್ಣ ಅಂತರ್ಧಾನರಾದರು. ನನ್ನ ಕಾಲು ಆಕ್ಸಿಲರೇಟರಿನ ಮೇಲೆ ಇರಲೇ ಇಲ್ಲ!

“ತಂತಿ ಎಳ್ಕಂಡು ನಿಂತಿದೆಯಲ್ರೀ, ಇನ್ನೆಂತಾಗ್ತದೆ?” ಎಂದು ಜಯಂತಿ ಕಿವಿ ಮುಚ್ಚಿಕೊಂಡೇ ಕೂಗಿದಳು. ತಂತಿಯನ್ನು ತುಸು ಸಡಿಲಿಸಿದೆ. ಹುಲಿಕಲ್ ಘಾಟಿ ಸಾಮಾನ್ಯ ದಿಬ್ಬವಾಯಿತು. ಉಳಿದ ಅಬ್ಬರವನ್ನು ವಾಹನದ ಉತ್ಸಾಹವೆಂದು ಘೋಷಿಸಿದೆ.

ಗೃಹಪ್ರವೇಶದ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕುಳಿತರು. ಕುಳಿತವರು ಸೆರಗಿನ ತುದಿಯಿಂದ ಎದುರಿನ ಡ್ಯಾಶ್‌ಬೋರ್ಡನ್ನು ಒಮ್ಮೆ ಮೆಲ್ಲಗೆ ಒರೆಸಿದರು. ಜಯಂತಿ ಹಿಂದೆ ಕುಳಿತಳು. ದಾರಿಯುದ್ದಕ್ಕೂ ನಾನು ಕಾರನ್ನು ಓಡಿಸಲಿಲ್ಲ, ತಡೆದೆ. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದವರು ನಮ್ಮ ಘರ್ಜನೆಗೆ ಲೋಟ ಹಿಡಿದೇ ಎದ್ದು ನಿಂತರು. ಅತ್ತೆ ಅವರಿಗೆಲ್ಲ ಕೈ ಬೀಸಿದರು.

ತೀರ್ಥಹಳ್ಳಿ ರಸ್ತೆ ಬಿಟ್ಟು ತಂಗಿಯ ಊರಿನ ದಾರಿ ಹಿಡಿದೆವು. ಆ ಮನೆ ಇರುವುದು ಗುಡ್ಡದ ಬುಡದಲ್ಲಿ. ಗುಡ್ಡದ ನೆತ್ತಿ ತಲುಪಿದ್ದೇ ತಡ, ಘರ್ಜನೆ ಗೊರಕೆಯಾಯಿತು, ಗೊರಕೆ ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿಂತಿತು. ಬಾನೆಟ್ ಎತ್ತಿದೆ. ಮೈಲುತುತ್ತಕ್ಕೆ ಜಗ್ಗದ ಪೈಪು ಪೆಟ್ರೋಲಿಗೂ ಬಿಸಿಗೂ ಬೆಂದ ಪಡವಲಕಾಯಿಯಂತೆ ಚಪ್ಪಟೆಯಾಗಿ ಮಲಗಿತ್ತು.

ಕೆಳಗೆ ಚಪ್ಪರವೂ ನೆಂಟರೂ ಕಾಣುತ್ತಿದ್ದರು. ಅತ್ತೆ ನನ್ನನ್ನು ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು, ಇಳಿಯಲೆಂದು ಬಾಗಿಲ ಹಿಡಿಯ ಮೇಲೆ ಕೈಯಿಟ್ಟರು.

“ಅಮ್ಮಾ, ಇಳೀಬ್ಯಾಡ, ಕೂತ್ಕ!” ಎಂದು ಜಯಂತಿಯೇ ಕೆಳಗಿಳಿದಳು. “ರೀ, ಗೇರ್ ತಪ್ಪಿಸಿ. ಇಳಿಜಾರಲ್ವಾ? ನಾ ನೂಕ್ತೀನಿ.”

ನೂಕಿದಳು. ಅವಳು ಮರಳಿ ಹತ್ತುವ ಮೊದಲೇ ಕಾರು ಹೊರಟಿತು! ಎಂಜಿನ್ ನಿಂತಿರುವಾಗ ಬ್ರೇಕೂ ಅರೆಮನಸ್ಸಿನಿಂದ ಕೆಲಸ ಮಾಡುತ್ತದೆ ಎಂಬ ಜ್ಞಾನ ನನಗೆ ಮೊದಲ ತಿರುವಿನಲ್ಲಿ ಪ್ರಾಪ್ತವಾಯಿತು. ಬ್ರೇಕಿನ ಮೇಲೆ ಬಹುತೇಕ ಎದ್ದು ನಿಂತೆ. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಜಗ್ಗಿದೆ. ಕಾಂಟೆಸ್ಸಾ ಅಂಗಳಕ್ಕೆ ಹಂಸದಂತೆ ಜಾರಿಬಂದು, ಚಪ್ಪರದ ಬಾಳೆಕಂಬವನ್ನು ಮೂಸಿ ನಿಂತಿತು.

ಅತ್ತೆಯ ತಂಗಿ ಗಿರಿಜಮ್ಮ ಓಡಿಬಂದರು. “ಅಕ್ಕಾ! ಮುಂದಿನ್ ಸೀಟಲ್ಲಿ ಕೂತು ಬಂದ್ಯನೇ! ಚೂರೂ ಸದ್ದೇ ಇಲ್ವಲ್ಲೇ! ಎಂತ, ಕರೆಂಟಿನ ಕಾರು ಮಾಡ್ಸಿದ್ರಾ?”

ಅತ್ತೆ ರಾಣಿಯಂತೆ ಇಳಿದರು. “ಎಲ್ಲ ಅಳಿಯಂದ್ರು ಕೈಯಾರೆ ಮಾಡಿದ್ದು,” ಎಂದರು.

ಸತ್ಯವನ್ನು ನಿರ್ಭೀತಿಯಿಂದ ನುಡಿಯುವುದು ನನ್ನ ವ್ರತ. ಬಾಯಿ ತೆರೆದೆ. “ಮೊದ್ಲು ಕೈಕಾಲು ತೊಳ್ಕಳಿ ಅಳಿಯಂದ್ರೇ,” ಎಂದರು ಅತ್ತೆ. ತೊಳೆದುಕೊಂಡೆ. ಊಟದ ಪಂಕ್ತಿಯಲ್ಲಿ ನೆಂಟರು ಬ್ಯಾಟರಿ ಎಲ್ಲಿದೆ, ಚಾರ್ಜು ಎಷ್ಟು ಹೊತ್ತು ಎಂದು ವಿಚಾರಿಸಿದಾಗಲೆಲ್ಲ ನನ್ನ ಬಾಯಿಯಲ್ಲಿ ಹೋಳಿಗೆ ಇರುವಂತೆ ಎಚ್ಚರ ವಹಿಸಿದೆ. ಆರು ಹೋಳಿಗೆಯಾಯಿತು. ಗುಡ್ಡದಿಂದ ನಡೆದುಬಂದ ಜಯಂತಿ ಎದುರು ಸಾಲಿನಿಂದ ಎಲ್ಲವನ್ನೂ ನೋಡುತ್ತಿದ್ದಳು.

ಊಟ ಮುಗಿಯಿತು. “ಭಾವ ಇದ್ದಾಗ್ಲೂ ನನ್ನ ಇದ್ರಲ್ಲಿ ಕೂರ್ಸಿರ್ಲಿಲ್ಲ. ಒಂದ್ ರೌಂಡ್ ಹೊಡೆಸಿ,” ಎಂದು ಗಿರಿಜಮ್ಮ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೇಬಿಟ್ಟರು. ಅತ್ತೆ ಮುಂದೆ ಕುಳಿತರು. ಇನ್ನು ನಿರ್ವಾಹವಿಲ್ಲದೆ ನಾನು ನೆರೆದ ಗಂಡಸರಿಗೆ ತಪ್ಪೊಪ್ಪಿಕೊಂಡೆ. ಅವರು ಹೊಟ್ಟೆ ಹಿಡಿದು ನಕ್ಕು, ಪಂಚೆ ಎತ್ತಿ ಕಟ್ಟಿ, ಕಾರಿಗೆ ಹೆಗಲು ಕೊಟ್ಟರು. ನಾನು ಸ್ಟಿಯರಿಂಗಿನತ್ತ ಹೊರಟೆ. ಅಲ್ಲಿ ಆಗಲೇ ಜಯಂತಿ ಕುಳಿತಿದ್ದಳು.

“ನೀವು ಹಿಂದೆ ಹೋಗಿ,” ಎಂದಳು.

ಹೋದೆ. ಗುಡ್ಡದ ಕಡೆಗೆ ಮೆರವಣಿಗೆ ಹೊರಟಿತು. ಒಳಗಿದ್ದ ಅಕ್ಕತಂಗಿಯರಿಬ್ಬರೂ ಇಳಿಯುವ ಮಾತೇ ಆಡಲಿಲ್ಲ.

“ಮೈಲೇಜ್ ಎಷ್ಟು ಕೊಡ್ತದೆ ಅಕ್ಕಾ ಇದು?” ಎಂದು ಗಿರಿಜಮ್ಮ ಕೇಳಿದ್ದು ನನಗೂ ಕೇಳಿಸಿತು.

ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, ಬೆವರಿ ನೂಕುತ್ತಿದ್ದ ನನ್ನನ್ನು ಒಮ್ಮೆ ಅಕ್ಕರೆಯಿಂದ ನೋಡಿದರು.

“ಒಂದೂಟಕ್ಕೆ ಒಂದ್ ಗುಡ್ಡ,” ಎಂದರು.

ಹಿರಿಯರಾದರೂ ಅವರ ಅಂಕಿಅಂಶವನ್ನು ನಾನು ತಿದ್ದಲೇಬೇಕಾಗಿದೆ. ಅರ್ಧ ಗುಡ್ಡ. ಅಲ್ಲಿಗೇ ನಾನು ಕೆಟ್ಟು ನಿಂತೆ!