ನಾನು ಬಿಟ್ಟ ಹಳದಿ ದಾರದ ಮೀನುಗಳು

ಕೆರೆಯಲ್ಲಿರುವ ಮೀನುಗಳನ್ನು ಎಣಿಸುವುದು ಬಹಳ ಸುಲಭ. ಹೀಗೆಂದು ಮೊದಲ ದಿನ ನನ್ನ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ!

ಲೆಕ್ಕ ಬರೆದಿಡುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ತಿಂದ ರೊಟ್ಟಿ, ಓದಿದ ಪುಟ, ಕಣ್ಣೆದುರೇ ಹೊರಟುಹೋದ ಬಸ್ಸು, ಎಲ್ಲಕ್ಕೂ ತಾರೀಖು ಸಮೇತ ದಾಖಲೆ ಇಟ್ಟಿದ್ದೇನೆ. ಇಂಥವಳು ಸಿಹಿನೀರಿನ ಮೀನುಗಳ ಸಂಶೋಧನೆಗೆ ಸೇರಿ, ಕುಂದೂರಿನ ಮನೆಯಿಂದಲೇ ಹೇಮಾವತಿಯ ಹಿನ್ನೀರಿಗೆ ಓಡಾಡತೊಡಗಿದ್ದು ಯಾರಿಗೂ ಆಶ್ಚರ್ಯವಾಗಲಿಲ್ಲ. ನಮ್ಮಮ್ಮನೊಬ್ಬಳನ್ನು ಬಿಟ್ಟು. ನಮ್ಮದು ಶಿವಪೂಜೆಯಾಗದೆ ಒಲೆ ಹಚ್ಚದ ಮನೆ. ಮೊಟ್ಟೆ ಎಂಬ ಮಾತನ್ನು ಕೂಡ ಅಂಗಳಕ್ಕೆ ಹೋಗಿ ಆಡಿ ಬರಬೇಕು.

ಅಮ್ಮನ ಮುಂದೆ ಅವರೆಕಾಳಿನ ಡಬ್ಬ ಇಟ್ಟುಕೊಂಡು ಕೂತೆ.

"ನೋಡಮ್ಮ, ಇದರಲ್ಲಿ ಎಷ್ಟು ಕಾಳಿದೆ ಅಂತ ಒಂದೊಂದೇ ಎಣಿಸಬೇಕಾಗಿಲ್ಲ. ಒಂದು ಹಿಡಿ ತೆಗೆದು, ಗುರುತು ಹಾಕಿ, ಮತ್ತೆ ಒಳಗೇ ಬಿಡ್ತೀನಿ. ಚೆನ್ನಾಗಿ ಕಲಸಿ ಇನ್ನೊಂದು ಹಿಡಿ ತೆಗೀತೀನಿ. ಅದರಲ್ಲಿ ಗುರುತಿನ ಕಾಳು ಎಷ್ಟಿದೆ ನೋಡಿದರೆ ಇಡೀ ಡಬ್ಬದ ಲೆಕ್ಕ ಸಿಗತ್ತೆ. ಮೀನೂ ಹಂಗೇ."

"ಕಾಳು ಸಾರಿಗಾಯ್ತವೆ. ಮೀನ್ ಎಣಿಸಿ ಏನೇ ಮಾಡ್ತೀಯ?"

"ತಿಳ್ಕೋತೀನಿ."

"ತಿಂದ್ರಾದ್ರೂ ಒಂದರ್ಥ ಐತೆ" ಎಂದವಳೇ, ತನ್ನ ಬಾಯಿಂದ ಬಂದದ್ದೇನೆಂದು ಹೊಳೆದು ಎರಡೂ ಕೆನ್ನೆಗೆ ಬಡಿದುಕೊಂಡಳು.

ಕೊನೆಗೆ ಎರಡು ಷರತ್ತಿನ ಮೇಲೆ ಒಪ್ಪಿದಳು. ಮೀನು ಮುಟ್ಟುವ ಮುನ್ನ ನನ್ನ ಹಣೆಯ ಮೇಲೆ ವಿಭೂತಿ ಇರಬೇಕು. ಮೊದಲ ದಿನ ನೀರಿನ ಅಂಚಿನಲ್ಲಿ ಒಂದು ತೆಂಗಿನಕಾಯಿ ಒಡೆಯಬೇಕು. ಇದರಿಂದ ವಿಜ್ಞಾನಕ್ಕೆ ಯಾವ ಬಾಧಕವೂ ಇಲ್ಲವೆಂದು ನಾನು ಘನವಾಗಿ ತೀರ್ಮಾನಿಸಿದೆ. ಅನನುಭವ!

ಹಿನ್ನೀರಿನಲ್ಲಿ ಜವರಣ್ಣ ಎಂಬವರು ತೆಪ್ಪದಲ್ಲಿ ಬಲೆ ಹಾಕುತ್ತಾರೆ. ಹಿಡಿದ ಮೀನನ್ನು ಅವರ ಹೆಂಡತಿ ಸಾಕಮ್ಮ ದಡದಲ್ಲೇ ಕೂತು ಮಾರುತ್ತಾರೆ. ಸೋಮವಾರ ನಮ್ಮ ಕಡೆ ಮೀನು ತಿನ್ನುವವರೂ ತಿನ್ನುವುದಿಲ್ಲ. ಆದ್ದರಿಂದ ಅಂದು ತೆಪ್ಪಕ್ಕೆ ಬಿಡುವು. ಪ್ರತಿ ಸೋಮವಾರ ಬೆಳಗಾಗುತ್ತಲೇ ನಾನು ವಿಭೂತಿಧಾರಿಣಿಯಾಗಿ ತೆಪ್ಪ ಹತ್ತುವುದು, ಜವರಣ್ಣ ಹಿಡಿದುಕೊಟ್ಟ ಕಾಟ್ಲಾ, ರೋಹು, ಗೆಂಡೆ ಮೀನುಗಳನ್ನು ಅಳೆದು, ಬೆನ್ನಿನ ರೆಕ್ಕೆಯ ಬುಡಕ್ಕೆ ಸಣ್ಣ ನಂಬರಿರುವ ಹಳದಿ ಪ್ಲಾಸ್ಟಿಕ್ ದಾರ ಸಿಕ್ಕಿಸಿ, ಲೆಕ್ಕ ತಪ್ಪದಂತೆ ಬಾಯಲ್ಲೇ ಗುಣಗುಣಿಸುತ್ತಾ ನೀರಿಗೆ ಬಿಡುವುದು ಎಂದಾಯಿತು. ಹೀಗೆ ನೂರು ಮೀನು ಬಿಟ್ಟೆ.

ಕೊನೆಯ ಸೋಮವಾರ ದಡದಲ್ಲಿ ಮೀನುಗಾರರನ್ನೆಲ್ಲ ಸೇರಿಸಿ ಒಂದು ಭಾಷಣ ಮಾಡಿದೆ. ನನ್ನ ಗೈಡ್ ವಿಚಾರ ಹೇಳಬೇಕಿತ್ತು. ಆದರೆ ಸಕಲೇಶಪುರದ ಕಡೆ ಗೈಡ್ ಎಂದರೆ ಹೋಮ್‌ಸ್ಟೇಗೆ ಬಂದವರಿಗೆ ಬೆಟ್ಟ ತೋರಿಸುವ ಹುಡುಗ. ಅದಕ್ಕೇ ಬಹಳ ಯೋಚಿಸಿ ಎಲ್ಲರಿಗೂ ತಿಳಿಯುವ ಗೌರವದ ಪದವನ್ನೇ ಆರಿಸಿದೆ.

"ನಮ್ಮ ಗುರುಗಳ ಅಪ್ಪಣೆಯಂತೆ ನೂರು ಮೀನು ಬಿಟ್ಟಿದ್ದೀನಿ. ಹಳದಿ ದಾರದ ಮೀನು ಸಿಕ್ಕಿದರೆ ದಯವಿಟ್ಟು ಯಾರೂ ತಿನ್ನಬೇಡಿ, ಮಾರಬೇಡಿ."

"ಸಿಕ್ಕಿದ ಕೂಡಲೇ ನನಗೆ ತಿಳಿಸಿ" ಎಂಬುದು ಮುಂದಿನ ವಾಕ್ಯ. ಅದನ್ನೂ ಹೇಳಿದೆ. ಆದರೆ ಅಷ್ಟರಲ್ಲಿ ಒಬ್ಬರು ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡರು, ಇನ್ನೊಬ್ಬರು ನೀರಿನ ಕಡೆ ತಿರುಗಿ ಕೈಮುಗಿದರು. ಕೇಳುವವರು ಯಾರೂ ಉಳಿದಿರಲಿಲ್ಲ. ದಿನಚರಿಯಲ್ಲಿ ಬರೆದೆ: "ಜನರ ಸಹಕಾರ: ಅತ್ಯುತ್ತಮ!"

ಮೊದಲ ವಾರ ಸೊನ್ನೆ. ಎರಡನೇ ವಾರ ಸೊನ್ನೆ. ವಿಚಾರಿಸಿದರೆ ಜವರಣ್ಣ ಗಾಬರಿಯಿಂದ, "ನಾವ್ಯಾರೂ ಒಂದೂ ಇಟ್ಕಂಡಿಲ್ಲ ಕಣವ್ವ, ನಿನ್ನಾಣೆಗೂ!" ಎನ್ನುತ್ತಿದ್ದರು. ಪಾಪ, ಸಿಕ್ಕಿಲ್ಲವೆಂದು ಎಷ್ಟು ನೊಂದುಕೊಂಡಿದ್ದಾರೆ ಎಂದುಕೊಂಡೆ.

ಸಾಕಮ್ಮನಿಗಂತೂ ನನ್ನ ಮೇಲೆ ವಿಪರೀತ ಕನಿಕರ. ಒಂದು ದಿನ ಹೂವು ಮುಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು.

"ಇನ್ನೂ ಏನೂ ಆಗ್ಲಿಲ್ವಾ ಮಗ?"

"ಇಲ್ಲ ಸಾಕಮ್ಮಕ್ಕ. ಒಂದೂ ಸಿಗ್ತಿಲ್ಲ."

"ಎಂಥದ್ದು ಬೇಕಾಗಿತ್ತವ್ವ ನಿಂಗೆ?"

"ಎಂಥದ್ದಾದ್ರೂ ಸರಿ. ಉದ್ದ, ತೂಕ, ವಯಸ್ಸು ಎಲ್ಲಾ ನಾನೇ ನೋಡ್ಕೋತೀನಿ. ಜೀವ ಒಂದಿದ್ರೆ ಸಾಕು."

"ಜೀವ ಒಂದಿದ್ರೆ ಸಾಕಾ! ಅಯ್ಯೋ ನನ್ ಕಂದ, ಅಷ್ಟೊಂದು ಬೇಜಾರ್ ಮಾಡ್ಕಬ್ಯಾಡ ಕಣೆ."

"ಜಾಸ್ತಿ ಹೊತ್ತೇನೂ ಬೇಡ ಅಕ್ಕ. ಅಳತೆ ತಗೊಂಡು ಬಿಟ್ಬಿಡ್ತೀನಿ."

ಸಾಕಮ್ಮ ಸ್ವಲ್ಪ ದೂರ ಸರಿದು ಕೂತರು.

ತಿಂಗಳಾಗುತ್ತಲೇ ಗೈಡ್ ಫೋನ್ ಮಾಡಿದರು. "ಗುರುತಿನ ಮೀನು ಎಷ್ಟು ವಾಪಸ್ ಬಂದವಮ್ಮ?"

"ಸೊನ್ನೆ ಸಾರ್."

"ಸೊನ್ನೆಯಿಂದ ಭಾಗಿಸಿದರೆ ಏನು ಬರುತ್ತೆ?"

"ಅನಂತ ಸಾರ್."

"ಅನಂತ ಮೀನಿರೋ ಕೆರೆ ಭೂಮಿ ಮೇಲೆ ಇಲ್ಲ. ಇನ್ನೊಂದು ತಿಂಗಳು ನೋಡ್ತೀನಿ. ಆಗಲೂ ಹೀಗೇ ಆದರೆ ಹಿನ್ನೀರಿನ ಕೆಲಸ ನಿಲ್ಲಿಸಿ, ಇಲ್ಲಿಗೆ ಬಂದು ಲ್ಯಾಬಿನಲ್ಲಿ ಬಾಟಲಿ ತೊಳಿ."

ಹೊರಗಿನಿಂದ ತಂದು ಬಿಟ್ಟ ಕಾಟ್ಲಾ, ರೋಹುಗಳ ನಡುವೆ ಗೆಂಡೆಯಂಥ ನಮ್ಮ ಹೊಳೆಯ ಮೀನುಗಳು ಎಷ್ಟು ಉಳಿದಿವೆ ಎಂದು ತಿಳಿಯುವುದು ನನ್ನ ಆಸೆ. ಅದಕ್ಕಿಂತ ಹೆಚ್ಚಾಗಿ, ಬೆಳಗಿನ ಆ ನೀರು, ಆ ತೆಪ್ಪ, ಬೊಗಸೆಯಲ್ಲಿ ಒದ್ದಾಡುವ ಆ ಜೀವ, ಇವನ್ನು ಬಿಟ್ಟು ಬಾಟಲಿ ತೊಳೆಯುವುದೇ? ಬಹುಶಃ ಹಳದಿ ದಾರ ಯಾರ ಕಣ್ಣಿಗೂ ಬೀಳುತ್ತಿಲ್ಲ ಎಂದು ಭಾವಿಸಿ, ಇನ್ನೂ ಐವತ್ತು ಮೀನಿಗೆ ಹಳದಿಯ ಜೊತೆಗೆ ಕೆಂಪು ದಾರವನ್ನೂ ಸೇರಿಸಿ ಬಿಟ್ಟೆ. ಅರಿಶಿನದ ಪಕ್ಕ ಕುಂಕುಮ! ಇಷ್ಟಾದರೂ ನನ್ನ ತಲೆಗೆ ಹೊಳೆಯಲಿಲ್ಲ.

ಒಂದು ಮಂಗಳವಾರ ನಾನೇ ಜವರಣ್ಣನ ತೆಪ್ಪದಲ್ಲಿ ಕೂತು ಬಲೆ ಎಳೆಯುವುದನ್ನು ನೋಡಲು ಹೋದೆ. ಬಲೆ ಮೇಲೆ ಬಂತು. ಅದರೊಳಗೆ ಒಂದು ಕಾಟ್ಲಾ. ಅದರ ಬೆನ್ನ ಮೇಲೆ ಹಳದಿ ದಾರ! ನಾನು ಖುಷಿಯಿಂದ ಬಾಯಿ ತೆರೆಯುವಷ್ಟರಲ್ಲಿ ಜವರಣ್ಣ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಒತ್ತಿಕೊಂಡು, "ತಪ್ಪಾಯ್ತು ಸ್ವಾಮಿ" ಎಂದರು. ಪುಳಕ್!

"ಏನ್ ಮಾಡಿದ್ರಿ ಜವರಣ್ಣ!"

"ಬುಟ್ಬುಟ್ಟೆ ಕಣವ್ವ. ದೇವ್ರಿಗ್ ಬುಟ್ಟಿದ್ ಮೀನ ಇಟ್ಕಳಕ್ಕಾಯ್ತದಾ?"

"ಯಾವ ದೇವ್ರು? ನಾನು ಬಿಟ್ಟಿದ್ದು!"

"ಅದೇ ಕಣವ್ವ, ನೀನು ಬುಟ್ಟಿದ್ದು. ಕಾಯಿ ಒಡೆದೆ, ಇಬೂತಿ ಹಚ್ಕಂಡೆ, ಸೋಮ್ವಾರ ಸೋಮ್ವಾರ ಮಂತ್ರ ಯೋಳ್ಕಂಡು ಅರಿಶಿನದ ದಾರ ಕಟ್ಟಿ ಬುಟ್ಟೆ. ಗುರುಗಳ ಅಪ್ಪಣೆ ಅಂದೆ. ಮದ್ವೆಗೆ ಅಡ್ಡಿ ಐತೆ, ನೂರೊಂದು ಮೀನ್ ಬುಟ್ರೆ ಕಳೀತದೆ ಅಂತ ನಿಮ್ ಮಠದೋರು ಹೇಳವ್ರೆ ಅಂತ ಊರಿಗೇ ಗೊತ್ತಲ್ಲ."

"ಹಂಗಾದ್ರೆ ಇಷ್ಟು ದಿನ ಮೀನು ಸಿಗ್ತಿತ್ತಾ?"

"ಸಿಗ್ದೆ ಏನು ಮಾರಾಯ್ತಿ! ಎಲ್ರಿಗೂ ಸಿಗ್ತಾವೆ. ಎಲ್ರೂ ಕೈಮುಗ್ದು ಬುಡ್ತಾವ್ರೆ."

ಹೋದ ಕಾಟ್ಲಾ ಇನ್ನೂ ಕೈಗೆಟುಕುವಂತಿದೆ ಎನ್ನಿಸಿ ಬಗ್ಗಿದೆ. ತೆಪ್ಪ ಬುಗುರಿಯಂತೆ ತಿರುಗಿತು. ಸೊಂಟದಷ್ಟು ನೀರಿನಲ್ಲಿ ಎದ್ದು ನಿಂತಾಗ ನನ್ನ ವಿಭೂತಿ ಪೂರ್ತಿ ತೊಳೆದುಹೋಗಿತ್ತು. ಅನುಮಾನವೂ!

ಹರಕೆ ಅಲ್ಲ, ಸಂಶೋಧನೆ ಎಂದು ದಡದಲ್ಲಿ ನಿಂತು ಸಾರಿ ಸಾರಿ ಹೇಳಿದೆ. ಸಾಕಮ್ಮ ಎಲ್ಲರಿಗೂ ಸಮಾಧಾನ ಮಾಡಿದರು: "ಹರಕೆ ಹೊತ್ತೋರು ಬಾಯ್ಬಿಟ್ಟು ಹೇಳ್ಬಾರ್ದು ಕಣ್ರೋ, ಅದ್ಕೇ ಹಂಗಂತಾಳೆ." ಗುರುಗಳೇ ಬಂದು ಹೇಳಿದರೆ ನಂಬುತ್ತೇವೆ ಎಂಬ ತೀರ್ಮಾನವಾಯಿತು.

ಗೈಡ್ ಬಂದರು. ಎದೆ ಮಟ್ಟದ ಬಿಳಿ ಗಡ್ಡ ಅವರಿಗೆ ಮೊದಲಿನಿಂದಲೂ ಇದೆ. ಈಜು ಬಾರದ ಕಾರಣ ಕಾರಿನಿಂದ ಇಳಿಯುವ ಮೊದಲೇ ಲೈಫ್ ಜಾಕೆಟ್ ತೊಟ್ಟಿದ್ದರು. ಅದರ ಬಣ್ಣ ಶುದ್ಧ ಕಾವಿ! ದಡದಲ್ಲಿದ್ದವರೆಲ್ಲ ಸಾಲಾಗಿ ಅವರ ಕಾಲಿಗೆ ಬಿದ್ದರು.

"ಇವರ್ಯಾಕಮ್ಮ ಅಡ್ಡ ಬೀಳ್ತಿದ್ದಾರೆ?" ಗೈಡ್ ಪಿಸುಗುಟ್ಟಿದರು.

"ಸಂಶೋಧನೆ ಮೇಲಿನ ಗೌರವ ಸಾರ್."

ಅವರು ಗಂಟಲು ಸರಿಮಾಡಿಕೊಂಡು, "ದಾರದ ಮೀನು ಸಿಕ್ಕರೆ ನೀರಿಗೆ ಬಿಡಬೇಡಿ. ಜೀವಂತವಾಗಿ ತಂದು ಈ ಹುಡುಗಿಗೆ ಒಪ್ಪಿಸಿ" ಎಂದರು.

"ಅಪ್ಪಣೆ ಬುದ್ಧಿ!" ಎಂದು ಜನ ಒಕ್ಕೊರಲಿನಿಂದ ಹೇಳಿದರು.

ಮರುದಿನದಿಂದ ಬಕೆಟ್ಟು, ಕೊಡ, ಕ್ಯಾನು, ಹಂಡೆಗಳಲ್ಲಿ ಮೀನು ಬರತೊಡಗಿದವು. ನಾನು ಕುಣಿದಾಡುತ್ತಾ ಎಣಿಸಿದೆ. ವಾರದ ಕೊನೆಗೆ ಲೆಕ್ಕ ಹಾಕಿದರೆ, ನಾನು ಬಿಟ್ಟದ್ದು ನೂರೈವತ್ತು, ವಾಪಸ್ ಬಂದದ್ದು ಇನ್ನೂರ ಎಂಟು! ಬಿಟ್ಟದ್ದಕ್ಕಿಂತ ಹೆಚ್ಚು ವಾಪಸ್ ಬಂದ ಸಂಶೋಧನೆ ಜಗತ್ತಿನಲ್ಲಿ ನನ್ನದೊಂದೇ ಇರಬೇಕು. ಹತ್ತಿರದಿಂದ ನೋಡಿದೆ. ಬಹುತೇಕ ಮೀನುಗಳಿಗೆ ಪ್ಲಾಸ್ಟಿಕ್ ದಾರವಿರಲಿಲ್ಲ, ನಂಬರೂ ಇರಲಿಲ್ಲ. ಹತ್ತಿಯ ನೂಲು, ಅದಕ್ಕೆ ಅರಿಶಿನದ ಕೊಂಬು. ನನ್ನದನ್ನು ನೋಡಿ ಸುತ್ತಲ ಊರಿನವರೂ ತಮ್ಮ ತಮ್ಮ ಮೀನು ಬಿಟ್ಟಿದ್ದರು! ಕಾಫಿ ಹೂವಿನ ಹೊತ್ತಿಗೆ ಮಳೆಯಾಗಲೆಂದು ಬೆಳಗೋಡಿನವರದು, ಎಮ್ಮೆ ಕರು ಹಾಕಲೆಂದು ಒಬ್ಬರದು, ಮಗ ಪಿಯುಸಿ ದಾಟಲೆಂದು ಮತ್ತೊಬ್ಬರದು.

ಆ ದಾರಗಳನ್ನೆಲ್ಲ ಕತ್ತರಿಸಿ, ಮೀನುಗಳನ್ನು ಬಿಟ್ಟು, ನಂಬರಿದ್ದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ. ಮೂವತ್ತೊಂದು! ಭಾಗಾಕಾರ ನಡೆಯಿತು. ಅನಂತ ತೊಲಗಿ ಒಂದು ಮರ್ಯಾದಸ್ಥ ಸಂಖ್ಯೆ ಬಂತು. ಗೈಡ್ ನೋಡಿ, "ಬಾಟಲಿ ತೊಳೆಯೋಕೆ ಬೇರೆ ಯಾರನ್ನಾದರೂ ಹುಡುಕ್ತೀನಿ. ನೀನು ಅಲ್ಲೇ ಮುಂದುವರಿಸು" ಎಂದರು.

ಹಾರುತ್ತಾ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮನ ಮುಖ ಇಳಿದುಹೋಯಿತು.

"ಹಂಗಾದ್ರೆ ಇನ್ನೂ ಮೀನ್ ಮುಟ್ತೀಯಾ?"

"ಇನ್ನೂ ಮೂರು ವರ್ಷ!"

"ನಾನೂ ನೀನ್ ಹೇಳ್ತಿದ್ದ ಆ ಸಾಕಮ್ಮನ ಕೈಲಿ ಒಂದು ದೊಡ್ಡ ಗೆಂಡೆ ಬುಡ್ಸಿದ್ದೆ ಕಣೇ, ನಿಂಗೆ ಈ ಮೀನಿನ ಹುಚ್ಚು ಬುಟ್ಟೋಗ್ಲಿ ಅಂತ. ಐದೆಳೆ ನೂಲು, ಜೋಡಿ ಕೊಂಬು."

ನನಗೆ ಚೆನ್ನಾಗಿ ನೆನಪಿತ್ತು. ಇಡೀ ರಾಶಿಯಲ್ಲಿ ಅದೇ ದೊಡ್ಡದು. ಗಂಟು ಎಷ್ಟು ಬಿಗಿಯಾಗಿತ್ತೆಂದರೆ ಕತ್ತರಿಸಲು ಎರಡು ಬ್ಲೇಡ್ ಬೇಕಾಗಿದ್ದವು.

"ಅದರ ದಾರ ನಾನೇ ಕತ್ತರಿಸಿದೆನಮ್ಮ" ಎಂದೆ.

ಅಮ್ಮ ಅಡುಗೆಮನೆಗೆ ಹೋದಳು. ಡಬ್ಬಗಳ ಸದ್ದಾಯಿತು. ಹೊಸದೊಂದು ಅರಿಶಿನದ ಕೊಂಬು ತಂದು ನನ್ನ ಅಂಗೈಯಲ್ಲಿಟ್ಟಳು.

"ಈ ಸಲ ನೀನೇ ಕಟ್ಟಿ ಬುಡು. ಕೈ ಪಳಗೈತೆ. ನಂಬರೂ ಹಾಕು, ದೇವ್ರಿಗಾದ್ರೂ ಗುರ್ತು ಸಿಗ್ಲಿ."

ಮುಂದಿನ ಸೋಮವಾರ ಕಟ್ಟಿ ಬಿಟ್ಟೆ. ನಂಬರು ನೂರೈವತ್ತೊಂದು.