ಖೋಲಿ ಬಿಡಲೊಲ್ಲದ ಗಂಗವ್ವ

ಜನವರಿ ಇಪ್ಪತ್ತು, ಮಂಗಳವಾರ. ಬರೆಯಲು ಕೂತದ್ದು ಸಂಜೆ ಐದೂ ಹತ್ತಕ್ಕೆ.

ಯಾವುದು ಯಾವಾಗ ಹುಟ್ಟಿತು ಎಂದು ಬರೆದಿಡುವುದರಲ್ಲಿ ನಾನು ಗಟ್ಟಿಗ. ಯಾವುದು ಎಷ್ಟು ಕಾಲ ಬದುಕಬೇಕು ಎಂದು ಹೇಳುವುದರಲ್ಲಿ ಮಾತ್ರ ಪೂರ್ತಿ ಸೋತಿದ್ದೇನೆ. ಉಗರಗೋಳದಲ್ಲಿ ಯಾತ್ರಿಕರಿಗೆ ಖೋಲಿ ಬಾಡಿಗೆ ಕೊಡುವ ಬಸಪ್ಪಕಾಕಾನಿಗೆ ನಾನೊಂದು ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಟ್ಟೆ. ನನ್ನ ಬಾಳಿನ ಮೊದಲ ಕೆಲಸ. ಅದರೊಳಗೆ ಅತಿಥಿಯ ಚೀಟಿ, ಖೋಲಿಗಳ ಪಟ್ಟಿ, ಎಲ್ಲವೂ ಒಂದೊಂದು ಆಬ್ಜೆಕ್ಟ್, ಅಂದರೆ ಪ್ರೋಗ್ರಾಮಿನೊಳಗೇ ಹುಟ್ಟಿ ಅಲ್ಲೇ ಸಾಯುವ ವಸ್ತು. ಅವನ್ನು ತಯಾರಿಸಿ ಬೇಕಾದವರ ಕೈಗಿಡಲು ಡಿಪೆಂಡೆನ್ಸಿ ಇಂಜೆಕ್ಷನ್ ಕಂಟೇನರ್ ಎಂಬ ಉಗ್ರಾಣಿ ಇದ್ದಾನೆ. ಬಹಳ ವಿಧೇಯ. ಆದರೆ ಪ್ರತಿಯೊಂದರ ಆಯುಷ್ಯವನ್ನು ನಾವೇ ಹೇಳಬೇಕು: ಎಲ್ಲರಿಗೂ ಸೇರಿ ಒಂದೇ, ಅತಿಥಿಗೊಂದು, ಇಲ್ಲವೇ ಕೇಳಿದಾಗಲೆಲ್ಲ ಹೊಸದು.

ಮೊದಲ ದಿನ ಚೀಟಿಯನ್ನು ‘ಎಲ್ಲರಿಗೂ ಒಂದೇ’ ಎಂದುಬಿಟ್ಟೆ. ಬೆಳಿಗ್ಗೆ ರಾಮದುರ್ಗದ ಗಂಗವ್ವ ಖೋಲಿ ಹಿಡಿದರು. ಆಮೇಲೆ ಬಂದವರಿಗೆಲ್ಲ ಗಂಗವ್ವನ ಹೆಸರಿನ ಚೀಟಿಯೇ. ಹುರಿಮೀಸೆಯ ಪೈಲ್ವಾನರೊಬ್ಬರು ಅದನ್ನು ಕೌಂಟರಿನ ಮೇಲೆ ಹರವಿ, “ಯಾಕ್ರಿ ಸಾವ್ಕಾರ್ರ, ನಾ ನಿಮಗ ಗಂಗವ್ವನಂಗ ಕಾಣತೇನೇನ್ರಿ?” ಎಂದರಂತೆ.

ನಮ್ಮದು ಪೂಜೆಯ ಮನೆತನ. ಮಡಿಯಲ್ಲಿದ್ದ ಅಜ್ಜಿ, ಯಾರಾದರೂ ಮುಟ್ಟಿದ ನೀರನ್ನು ಚೆಲ್ಲಿ ಹೊಸದಾಗಿ ಸೇದಿಸುತ್ತಿದ್ದಳು. ಆ ಸಂಸ್ಕಾರವೇ ಇರಬೇಕು, ಮರುದಿನ ಎಲ್ಲವನ್ನೂ ‘ಕೇಳಿದಾಗಲೆಲ್ಲ ಹೊಸದು’ ಮಾಡಿದೆ. ಖೋಲಿಗಳ ಪಟ್ಟಿಯೂ ಪ್ರತಿ ಸಲ ಹೊಸದಾಗಿ ಹುಟ್ಟಿತು. ಹುಟ್ಟಿದಾಗಲೆಲ್ಲ ಎಲ್ಲ ಖೋಲಿಯೂ ಖಾಲಿ. ಬೈಲಹೊಂಗಲದವರೂ ಸಿರಸಂಗಿಯವರೂ ಗಂಟುಮೂಟೆ ಸಮೇತ ಒಂದೇ ಖೋಲಿ ಹೊಕ್ಕರು.

“ಅವರೇನೋ ಬೇಷ್ ಅದಾರೋ ತಮ್ಮಾ,” ಎಂದು ಕಾಕಾ ಫೋನಿನಲ್ಲಿ ಕೂಗಿದರು. “ರೊಟ್ಟಿ ಪಲ್ಯ ಹಂಚಕೊಂಡು ಉಣ್ಣಾಕ ಹತ್ಯಾರ. ನಿನ್ನ ಡಬ್ಬಿಗೆ ನಾಕು ಖೋಲಿ ಹಂಚಾಕ ಬರವಲ್ದು!”

ಈಗ ಪಟ್ಟಿ ಎಲ್ಲರಿಗೂ ಒಂದೇ, ಚೀಟಿ ಅತಿಥಿಗೊಂದು. ಸರಿಯಾಗಬೇಕಿತ್ತು. ಆದರೆ ಚೀಟಿ ಮುದ್ರಿಸುವ ಆಬ್ಜೆಕ್ಟೂ ಎಲ್ಲರಿಗೂ ಒಂದೇ; ಅದು ಮೊದಲು ಕೈಗೆ ಸಿಕ್ಕ ಚೀಟಿಯನ್ನು ಬಿಗಿಹಿಡಿದು ಕೂತಿದೆ. ಪರೀಕ್ಷೆಗೆಂದು ಗಂಗವ್ವನ ಹೆಸರನ್ನೇ ಮೊದಲು ಹಾಕಿದ್ದೆ. ಎಲ್ಲ ಚೀಟಿಯ ಮೇಲೂ ಮತ್ತೆ ಅವರೇ; ಹೋಗಲೊಲ್ಲರು. ಮುದ್ರಿಸುವುದನ್ನೂ ಅತಿಥಿಗೊಂದು ಮಾಡಿದರೆ ಇರುವ ಒಂದೇ ಪ್ರಿಂಟರಿಗೆ ಎಲ್ಲವೂ ಒಮ್ಮೆಗೇ ಮುತ್ತಿ ಕಾಗದ ಸಿಕ್ಕಿಬೀಳುತ್ತದೆ.

ಬರುವ ಭಾರತ ಹುಣ್ಣಿಮೆಯ ಜಾತ್ರೆಗೆ ಉಗರಗೋಳದ ಪಕ್ಕದ ದೇವಿಯ ಗುಡ್ಡದ ತುಂಬ ಜನ ಸೇರುತ್ತಾರೆ. ಮಧ್ಯಾಹ್ನ ಕಾಕಾ ಮತ್ತೆ ಫೋನ್ ಮಾಡಿದರು. “ಅಷ್ಟರಾಗ ರಿಪೇರಿ ಆಗಲಿಲ್ಲಂದ್ರ ಡಬ್ಬಿ ಮೂಲ್ಯಾಗಿಟ್ಟು ನೀನ ಬಂದು ಕೌಂಟರಿನ್ಯಾಗ ಕುಂದ್ರು. ಯಾರ ಬಂದ್ರು, ಯಾರ ಹ್ವಾದ್ರು, ಬಾಯಿಲೆ ಹೇಳು.”

“ಎಷ್ಟ ದಿನಾ ಕಾಕಾ?”

“ಮಂದಿ ಇರೂತನಕ!”

ಅಂದರೆ ಬಂದವರಿಗೆಲ್ಲ ಸೇರಿ ನಾನೊಬ್ಬನೇ, ಬಿಡುಗಡೆಯ ಮಾತೇ ಇಲ್ಲ. ಈ ಗಂಟು ಬಿಡಿಸಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ. ಹುಣ್ಣಿಮೆಗೆ ಮುಂಚೆಯೇ ಬರೆಯಿರಿ. ಆಮೇಲೆ ಬಂದ ಉತ್ತರ ಓದಲು ನನ್ನನ್ನು ಯಾರೂ ಕೌಂಟರಿನಿಂದ ಎಬ್ಬಿಸುವುದಿಲ್ಲ.